ಮೊಳಗಿತು ಎಂದವಳು

ನಮ್ಮ ಊರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿಗಳು ಏಳು ಇವೆ, ಕಂಚಿನದು ಒಂದೂ ಇಲ್ಲ. ಕಂಚುಗಾರರ ಓಣಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಮನಸ್ಸಿನಲ್ಲಿಟ್ಟುಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಹತ್ತಿರದ ಕಂಚು ಮೊಳಗುವ ಊರಿನಲ್ಲಿ ಕಂಚಿನ ಗಂಗಾಳ ಇಟ್ಟುಕೊಂಡು ಉಣ್ಣುವ ಧೈರ್ಯ ಯಾರಿಗಿದೆ? ಸೊಸೆಯಾದವಳು ರೊಟ್ಟಿ ಬಡಿಯುತ್ತ ತವರಿನ ಮಾತು ಆಡುವಾಗ ಯಾವನದೋ ಹೆಸರು ಬಾಯಿಗೆ ಬಂದು, ಗೂಡಿನಲ್ಲಿದ್ದ ಗಂಗಾಳ ಗುಂಯ್ ಅಂದಿತು ಎಂದರೆ, ಅತ್ತೆ ಸೊಸೆ ಇಬ್ಬರೂ ಅದನ್ನು ಕೇಳಿಯೇ ಇಲ್ಲವೆಂಬಂತೆ ಜನ್ಮವಿಡೀ ಬಾಳಬೇಕು. ಅದಕ್ಕಿಂತ ಸ್ಟೀಲ್ ವಾಸಿ ಎಂದು ಜನ ಎಂದೋ ತೀರ್ಮಾನಿಸಿದ್ದರು.

ಮದುವೆಯಲ್ಲಿ ಮಾತ್ರ ಕಂಚು ಇಡಲೇಬೇಕು. ಗಂಡು ಹೆಣ್ಣು ಒಬ್ಬರ ಹೆಸರನ್ನೊಬ್ಬರು ಹೇಳುತ್ತಾರೆ, ನಡುವೆ ಗಂಗಾಳ ಇರುತ್ತದೆ, ಗಂಗಾಳದ ಪಕ್ಕ ಸಾಕ್ಷಿಯವರು ಕಿವಿ ಕೊಟ್ಟು ಕೂರುತ್ತಾರೆ. ಮೊಳಗು ಎಂದರೆ ಗುಡಿಯ ಗಂಟೆಯ ಸದ್ದಲ್ಲ. ಕುಂಬಳದ ಹೂವಿನೊಳಗೆ ದುಂಬಿ ಸಿಕ್ಕಿಕೊಂಡರೆ ಎಷ್ಟು ಕೇಳಿಸೀತೋ ಅಷ್ಟು. ಎರಡು ಮೊಳ ದೂರ ಕೂತವರಿಗೂ ತಿಳಿಯುವುದಿಲ್ಲ. ಅದಕ್ಕೇ ಸಾಕ್ಷಿ. ಹತ್ತರಲ್ಲಿ ಆರು ಮದುವೆಗಳಲ್ಲಿ ಕಂಚು ಸುಮ್ಮನೇ ಇರುತ್ತದೆ. "ಮುಂದ ಬರ್ತದ ಬಿಡ್ರಿ, ಹೊಂದ್ಕೋತಾರ" ಎಂದು ಹಿರಿಯರು ಅಕ್ಷತೆ ಹಾಕಿಸುತ್ತಾರೆ, ಹೆಚ್ಚಿನವರು ಹೊಂದಿಕೊಂಡೂ ಬಿಡುತ್ತಾರೆ. ಆದರೆ ಯಾರ ಹೆಸರಿಗೆ ಕಂಚು ಮೊಳಗಿತೋ ಆ ಜೋಡಿಯನ್ನು ಅಗಲಿಸುವ ಹಕ್ಕು ಹೆತ್ತವರಿಗೂ ಇಲ್ಲ. ಊರಿನ ಕಟ್ಟಳೆ ಇದೊಂದೇ. ಬೇರೆ ಯಾವುದನ್ನು ಮುರಿದರೂ ಇದನ್ನು ಮುರಿದವರಿಲ್ಲ.

ಅಪ್ಪ ಸಾಕ್ಷಿಯಾಗಿದ್ದರು. ಶ್ರಾವಣದಲ್ಲಿ ಮಠದಲ್ಲಿ ಕಾವ್ಯ ಓದುತ್ತಿದ್ದವರೂ ಅವರೇ. ನಾನು ಆರು ವರ್ಷದವಳಿದ್ದಾಗಿನಿಂದ ಅವರ ಮಗ್ಗುಲಲ್ಲಿ ಕೂತು ಪದ್ಯ ಕೇಳಿದವಳು. ಅರ್ಥವಾಗುತ್ತಿತ್ತೆಂದಲ್ಲ. ಷಟ್ಪದಿಯ ಕೊನೆಯ ಸಾಲಿನಲ್ಲಿ ಅವರು ದನಿ ಇಳಿಸಿದ ಮೇಲೂ ಕಂಬಗಳ ನಡುವೆ ಏನೋ ಉಳಿಯುತ್ತಿತ್ತಲ್ಲ, ಅದನ್ನು ಕೇಳುವುದು ನನಗೆ ಪೂಜೆಯಂತೆ ರೂಢಿಯಾಯಿತು. ಅಪ್ಪ ತೀರಿಕೊಂಡಾಗ ದೈವದವರು, ಎಂದರೆ ಊರ ಹಿರಿಯರು, ಗಂಗಾಳವನ್ನು ನನ್ನ ಮಡಿಲಿಗಿಟ್ಟು, "ಶಿವಲೀಲಾ, ಅಪ್ಪನ ಕಿವಿ ನಿನಗ ಬಂದಾವ, ಇನ್ನ ನೀನ ಸಾಕ್ಷಿ" ಎಂದರು. ಅಪ್ಪ ಹೇಳಿಹೋದ ಮಾತು ಒಂದೇ: "ಕೇಳದ್ದನ್ನ ಕೇಳಿದೆ ಅನಬ್ಯಾಡ, ಕೇಳಿದ್ದನ್ನ ಕೇಳಿಲ್ಲ ಅನಬ್ಯಾಡ." ಮದುವೆಯಾಗದೆ ಉಳಿದ ನನಗೆ ಆ ಮಾತೇ ಸಂಸಾರವಾಗಿತ್ತು.

ಮನೆಯಲ್ಲಿ ನಾವು ಮೂವರು. ನಾನು, ಅವ್ವ, ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿ ಮಹಾನಂದಾ. ನಂದಾ ಹಿಟ್ಟಿನ ಗಿರಣಿಯ ಲೆಕ್ಕ ಬರೆಯಲು ಹೋಗುತ್ತಿದ್ದಳು. ಗಿರಣಿ ದಾಕ್ಷಾಯಣಿಯದು, ತನ್ನ ಅಪ್ಪ ಸತ್ತ ಮೇಲೆ ಒಬ್ಬಳೇ ಬೆಲ್ಟು ಏರಿಸಿ, ಕಲ್ಲು ಕುಟ್ಟಿ ನಡೆಸಿಕೊಂಡು ಬಂದ ಗಟ್ಟಿ ಹುಡುಗಿ. ನಂದಾ ಸಂಜೆ ಬರುವಾಗ ಜಡೆಯಲ್ಲಿ ಜೋಳದ ಹಿಟ್ಟು ಇರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ, "ಇವತ್ತ ದಾಕ್ಷಿ ಏನಂದ್ಲು ಗೊತ್ತೇನ ಅಕ್ಕಾ" ಎಂದು ಶುರು ಮಾಡಿದಳು. ಅವ್ವನ ಮುಂದಿದ್ದ ಗಂಗಾಳ ಮೊಳಗಿತು. ಅವ್ವನ ಕೈಯ ತುತ್ತು ನಿಂತಿತು, ಮತ್ತೆ ಬಾಯಿಗೆ ಹೋಯಿತು. ಮರುವಾರ ಅವ್ವ ಮನೆಯ ಕಂಚನ್ನೆಲ್ಲ ತೂಕಕ್ಕೆ ಹಾಕಿ ಸ್ಟೀಲ್ ತಂದಳು. "ತಿಕ್ಕಿ ತಿಕ್ಕಿ ಕೈ ಸೋತಾವವ್ವಾ" ಎಂದಳು. ಸಾಕ್ಷಿಯ ಗಂಗಾಳ ಮಾತ್ರ ನನ್ನ ಟ್ರಂಕಿನೊಳಗೆ ಬಟ್ಟೆ ಸುತ್ತಿಕೊಂಡು ಉಳಿಯಿತು. ಹೀಗೆ ಒಂಬತ್ತು ವರ್ಷ. ಊರಿನಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನಲು ಅವರ ಹತ್ತಿರ ಮಾತೇ ಇರಲಿಲ್ಲ. "ಗೆಳತ್ಯಾರಂದ್ರ ಹಿಂಗಿರಬೇಕ ನೋಡ" ಎಂದು ಗಿರಣಿಯ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದರು.

ಒಂಬತ್ತನೆಯ ವರ್ಷ ಟೀವಿಯವರು ಬಂದರು. ಜೋಡಿ ಕೂಡಿಸುವ ಆಟವಂತೆ. ಹದಿನಾರು ಮಂದಿ ಚಂದದ ಹುಡುಗ ಹುಡುಗಿಯರು ಒಂದು ಬಂಗಲೆಯಲ್ಲಿ ಇರುತ್ತಾರಂತೆ, ಜನರ ಓಟು ಕಡಿಮೆ ಬಿದ್ದ ಜೋಡಿಯನ್ನು ವಾರಕ್ಕೊಂದರಂತೆ ಹೊರಗೆ ಕಳಿಸುತ್ತಾರಂತೆ. ಕಂಚು ಸುಳ್ಳು ಹೇಳುವುದಿಲ್ಲವಲ್ಲ, ಅದಕ್ಕೇ ನಮ್ಮ ಊರನ್ನು ಆರಿಸಿದ್ದರು. ಕಾರ್ಯಕ್ರಮದ ಹೆಸರು 'ಕಂಚಿನ ಜೋಡಿ'. ತನ್ವಿ ಎಂಬ ಹೆಣ್ಣುಮಗಳು ಎಲ್ಲವನ್ನೂ ನಡೆಸುತ್ತಿದ್ದಳು. ಮನೆಗೆ ಬಂದು, ಅವ್ವನ ಕಾಲು ಮುಟ್ಟಿ, ನನ್ನನ್ನು ಸಾಕ್ಷಿಗೆ ಒಪ್ಪಿಸಿದಳು. "ಅಮ್ಮಾ, ಅದು ತುಂಬಾ ಸಣ್ಣ ಸದ್ದು, ನಮ್ಮ ಮೈಕಿಗೆ ಸಿಗಲ್ಲ. ನಾವು ಸ್ವಲ್ಪ ದೊಡ್ಡದು ಮಾಡಿ ಕೇಳಿಸ್ತೀವಿ, ಅಷ್ಟೇ. ನೀವು ಕೇಳಿದ್ದು ಹೇಳಿ ಸಾಕು" ಎಂದಳು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆ ಹದಿನಾರು ಮಂದಿಯಲ್ಲಿ ಚರಣ್, ರೋಹನ್ ಎಂಬ ಇಬ್ಬರು ಗಂಡುಮಕ್ಕಳು ಜೋಡಿಯಾದರು. ಮೊದಲ ವಾರ ಊರಿನ ಜನ ನಕ್ಕರು. ಎರಡನೆಯ ವಾರ ಚರಣನಿಗೆ ಜ್ವರ ಬಂದು ರೋಹನ್ ಹಣೆಗೆ ಒದ್ದೆ ಬಟ್ಟೆ ಹಾಕಿದ್ದನ್ನು ತೋರಿಸಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂರನೆಯ ವಾರ ಚರಣನ ತಂದೆ ಬಂದು ಮಗನಿಗೆ ಬೈದು ಹೋದ. ಅವತ್ತು ಪಕ್ಕದ ಮನೆಯ ಶಾಂತಕ್ಕ ಬಂದು, "ಹೆತ್ತ ಮಗನ್ನ ಹಂಗ ಅನ್ನಾಕ ಬಾಯರೆ ಹೆಂಗ ಬಂತ್ರಿ ಆ ಮನಶ್ಯಾಗ" ಎಂದು ಅತ್ತಳು. ಅವ್ವ, "ಪ್ರೀತಿಗೆ ಗಂಡಂತ ಹೆಣ್ಣಂತ ಏನೈತಿ ಶಾಂತವ್ವಾ, ಶಿವಾ ಕೊಟ್ಟದ್ದು" ಎಂದಳು. ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ ನಂದಾ ಅದನ್ನು ಕೇಳಿದಳು. ಒಂದು ಚಪ್ಪಲಿ ಕಾಲಿನಲ್ಲೇ ಇತ್ತು, ಹಾಗೇ ನಿಂತುಬಿಟ್ಟಳು. ಅವಳ ಮುಖ ನೋಡಿ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಕಂಚಿನ ದಿನ ಮಠದ ಮುಂದಿನ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಊರೇ ಬಂದಿತ್ತು. ಹುಡುಗ ಹುಡುಗಿಯ ಮೂರು ಜೋಡಿಗಳಾದವು. ಎರಡು ಸುಮ್ಮನಿದ್ದವು, ಒಂದು ಮೊಳಗಿತು, ನಾನು ಹಾಗೆಯೇ ಹೇಳಿದೆ. ಆಮೇಲೆ ಚರಣ್ ಮುಂದೆ ಕೂತು, ಕಣ್ಣು ಮುಚ್ಚಿ, "ರೋಹನ್" ಎಂದ. ನಾನು ಕಿವಿಯನ್ನು ಗಂಗಾಳದ ಅಂಚಿಗೆ ತಂದೆ. ಏನೂ ಇರಲಿಲ್ಲ. ರೋಹನ್ "ಚರಣ್" ಎಂದ. ಗಂಗಾಳ ತಣ್ಣಗೆ ಕೂತಿತ್ತು. ಆದರೆ ಆನೆಯಂಥ ಎರಡು ಸ್ಪೀಕರುಗಳಿಂದ ದೊಡ್ಡದೊಂದು ಮೊಳಗು ಹೊರಟು ನೆಲವೇ ನಡುಗಿತು. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ನಿರೂಪಕ ನನ್ನ ಬಾಯಿಗೆ ಮೈಕ್ ಹಿಡಿದ: "ಸಾಕ್ಷಿಯಮ್ಮಾ, ಹೇಳಿ, ಮೊಳಗಿತಾ?"

ಮುಂದಿನ ಸಾಲಿನಲ್ಲಿ ಅವ್ವ ಕೈಮುಗಿದು ಕೂತಿದ್ದಳು. ಅವಳ ಹಿಂದೆ ನಂದಾ, ನಂದಾಳ ಪಕ್ಕ ದಾಕ್ಷಿ. ಜನರ ನಡುವೆ ಅವರಿಬ್ಬರು ಕೈ ಹಿಡಿದುಕೊಂಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಈ ಹುಡುಗರು ಗೆದ್ದರೆ ನನ್ನ ತಂಗಿಗೆ ದಾರಿಯಾದೀತು ಎನ್ನಿಸಿತು. ಅಷ್ಟೇ ಎನ್ನಿಸಿದ್ದು. ಅಪ್ಪನ ಮಾತು ನೆನಪಾಗಲಿಲ್ಲ ಎಂದರೆ ಅದೊಂದು ಸುಳ್ಳಾಗುತ್ತದೆ, ನೆನಪಾಯಿತು, ಪಕ್ಕಕ್ಕಿಟ್ಟೆ. "ಮೊಳಗಿತು" ಎಂದೆ.

ಚರಣ್ ರೋಹನ್ ಗೆದ್ದರು. ಬಸ್ ನಿಲ್ದಾಣದಲ್ಲಿ ಅವರ ಬ್ಯಾನರು ಕಟ್ಟಿದರು. ಮಿಠಾಯಿ ಅಂಗಡಿಯವನು ಎರಡು ಪೇಡೆ ಅಂಟಿಸಿ 'ಚರಣ್-ರೋಹನ್' ಎಂದು ಮಾರಿದ. ನಮ್ಮ ಊರು ದೊಡ್ಡ ಮನಸ್ಸಿನ ಊರು ಎಂದು ಪೇಪರಿನಲ್ಲಿ ಬಂತು, ಅದನ್ನು ದೈವದ ಗುರುಪಾದಪ್ಪನವರು ಕತ್ತರಿಸಿ ಚಾವಡಿಯ ಗೋಡೆಗೆ ಹಚ್ಚಿದರು. ಆ ಹುಡುಗರು ಮರುವಾರವೇ ಬೇರೆ ಬೇರೆ ಕಾರಿನಲ್ಲಿ ಊರು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ.

ದೀಪಾವಳಿಯ ಮುಂದೆ ನಂದಾಳಿಗೆ ಒಂದು ಸಂಬಂಧ ಬಂತು. ಬಟ್ಟೆ ವ್ಯಾಪಾರದ ವೀರಭದ್ರಪ್ಪ, ಹೆಂಡತಿ ತೀರಿಕೊಂಡವನು, ಸಭ್ಯ ಮನುಷ್ಯ. ಅವ್ವ ಎಲೆ ಅಡಿಕೆ ಹಿಡಿದುಕೊಂಡೇ ಸುದ್ದಿ ಹೇಳಿದಳು. ನಂದಾ ಕೈ ಒರೆಸಿಕೊಂಡು ಬಂದು ಅವ್ವನ ಎದುರು ಕೂತಳು.

"ಅವ್ವಾ, ನನಗೂ ಕಂಚ ಇಡಸು. ದಾಕ್ಷಿ ಜೋಡಿ."

ಅವ್ವ ಮೊದಲು ನಕ್ಕಳು. "ಏನ ಚಾಷ್ಟಿ ಮಾಡ್ತಿ."

"ಚಾಷ್ಟಿ ಅಲ್ಲ. ನಿನಗೂ ಗೊತ್ತೈತಿ. ಗೊತ್ತಿದ್ದ ಕಂಚ ಮಾರಿದಿ."

"ಬಾಯಿ ಮುಚ್ಚ."

"ಚರಣ್ ಸಲುವಾಗಿ ಅತ್ತಿ ನೀನು. ದಿನಾ ಓಟ ಒತ್ತಿದಿ. ಪ್ರೀತಿಗೆ ಗಂಡ ಹೆಣ್ಣ ಏನೈತಿ ಅಂದಿ."

"ಅವರು ಟೀವ್ಯಾಗಿನವರ!" ಅವ್ವನ ದನಿ ಒಡೆಯಿತು. "ಅವರ್ದು ಅವರ ಊರಾಗ. ನೀ ನನ್ನ ಹೊಟ್ಯಾಗ ಹುಟ್ಟಿದಾಕಿ. ನಾಳೆ ನಾ ನೀರಿಗೆ ಹೋಗೂದ ಹ್ಯಾಂಗ ಈ ಓಣ್ಯಾಗ?"

ನಂದಾ ಕೂಗಾಡಲಿಲ್ಲ. ಮರುದಿನ ಚಾವಡಿಗೆ ಹೋಗಿ ಕಂಚು ಕೇಳಿದಳು. ದೈವದವರಿಗೆ ಬೇಡವೆನ್ನಲು ದಾರಿ ಇರಲಿಲ್ಲ. ಕಟ್ಟಳೆಯಲ್ಲಿ ಜೋಡಿ ಎಂದಿತ್ತೇ ಹೊರತು ಎಂಥ ಜೋಡಿ ಎಂದಿರಲಿಲ್ಲ, ಮೇಲಾಗಿ ಪೇಪರಿನ ತುಂಡು ಅವರ ತಲೆಯ ಮೇಲೇ ಇತ್ತು. ಹದಿನೈದು ದಿನದ ವಾಯಿದೆ ಹಾಕಿದರು.

ಆ ಹದಿನೈದು ದಿನ ಗಿರಣಿ ಬಣಗುಟ್ಟಿತು. ಡಬ್ಬಿ ಹಿಡಿದ ಹೆಂಗಸರು ಆಚೆ ಓಣಿಯ ಗಿರಣಿಗೆ ಹೋದರು. ಪಾನಂಗಡಿಯ ಗಂಡಸರು ದಾಕ್ಷಿ ಹಾಯ್ದುಹೋಗುವಾಗ, "ಏ ಚರಣ್, ರೋಹನ್ ಎಲ್ಲ್ಯದಾನೋ?" ಎಂದು ಕೂಗಿ ನಗುತ್ತಿದ್ದರು. ಮೊದಲು ಇಲ್ಲದ ಮಾತು ಈಗ ಎಲ್ಲರ ಬಾಯಲ್ಲಿ ತಯಾರಾಗಿತ್ತು. ಒಂಬತ್ತು ವರ್ಷ ಕಣ್ಣೆದುರೇ ಇದ್ದರೂ ಕಾಣದಿದ್ದುದನ್ನು ನೋಡಲು ಊರಿಗೆ ಟೀವಿ ಕಲಿಸಿಕೊಟ್ಟಿತ್ತು. ನಾನು ದಾಕ್ಷಿಗೆ ಅನ್ನ ಕೊಡಲು ಹೋದಾಗ ಗಿರಣಿಯಲ್ಲಿ ಒಬ್ಬಳೇ ಒಬ್ಬ ಗಿರಾಕಿ ಇದ್ದಳು, ಎಂಬತ್ತರ ಕಲ್ಲವ್ವ. ಎರಡು ಸೇರು ಗೋದಿ ತಂದಿದ್ದಳು.

"ಟೀವಿ ಬಂದ ಊರ ಕೆಡಸ್ತು ಕಲ್ಲವ್ವಾ. ಇವರು ತಮ್ಮ ಪಾಡಿಗೆ ತಾವಿದ್ರು" ಎಂದೆ.

ಕಲ್ಲವ್ವ ಗೋದಿಯೊಳಗಿನ ಹರಳು ಆರಿಸುತ್ತಲೇ ಹೇಳಿದಳು: "ತಮ್ಮ ಪಾಡಿಗೆ ತಾವ ಇರೂದು ಏನಂತ ನಿನಗೇನ ಗೊತ್ತವಾ. ನನ್ನ ಲಗ್ನಕ್ಕಿಂತ ಮದ್ಲ ನನ್ನ ನಾಲಿಗಿ ಮ್ಯಾಲ ಒಂದ ಹೆಸರಿತ್ತು. ನಾಗವ್ವಂತ, ನೀರ ಸೇದಾಕ ಕೂಡಿ ಹೋಗ್ತಿದ್ವಿ. ನನಗ ಹುಚ್ಚ ಹಿಡದೈತಿ ಅಂತ ತಿಳಕೊಂಡೆ. ಮಾಟ ಬಿಡಸಾಕ ಅಂತ ನಮ್ಮವ್ವ ಕೈಗೆ ಬರಿ ಹಾಕಿದ್ಲು. ಅರವತ್ತ ವರ್ಷಾತು. ಆ ಹುಡುಗೂರ್ನ ನೋಡಿದ ಮ್ಯಾಲ ತಿಳೀತು, ಅದು ಹುಚ್ಚಲ್ಲ ಅಂತ." ತೋಳಿನ ಬಳೆ ಸರಿಸಿ ಬರೆಯ ಗುರುತು ತೋರಿಸಿದಳು. "ನನಗ ಅಷ್ಟರ ತಿಳೀತು ನೋಡು, ಸಾಯೂದ್ರೊಳಗ."

ಆ ಹುಡುಗರಿಗೆ ಕಂಚು ಮೊಳಗಿರಲಿಲ್ಲ ಎಂದು ಅವಳಿಗೆ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ದಾಕ್ಷಿ ಹಿಟ್ಟು ತುಂಬಿಕೊಟ್ಟಳು.

ಕಂಚಿನ ದಿನ ಬೆಳಗ್ಗೆ ಹತ್ತಕ್ಕೆ ಚಾವಡಿ ತುಂಬಿತ್ತು. ವೀರಭದ್ರಪ್ಪನ ಕಡೆಯವರೂ ಬಂದು ಮೂಲೆಯಲ್ಲಿ ಕೂತಿದ್ದರು. ಮೊಳಗದಿದ್ದರೆ ಅಲ್ಲೇ ನಿಶ್ಚಯ ಮಾಡುವುದೆಂದು ಮಾತಾಗಿತ್ತು. ನಾನು ವಿಭೂತಿ ಧರಿಸಿ, ಗಂಗಾಳದ ಬಟ್ಟೆ ಬಿಚ್ಚಿ ಚಾಪೆಯ ಮೇಲಿಟ್ಟೆ. ದಾಕ್ಷಿ ಹೊಸ ಸೀರೆ ಉಟ್ಟಿದ್ದಳು. ಉಗುರಿನ ಸಂದಿಯಲ್ಲಿ ಹಿಟ್ಟು ಹಾಗೇ ಇತ್ತು. ನಂದಾಳನ್ನು ನೋಡದೆ, ನೆಲ ನೋಡುತ್ತ, "ಮಹಾನಂದಾ" ಎಂದಳು.

ನಾನು ಇನ್ನೂರಕ್ಕೂ ಹೆಚ್ಚು ಮದುವೆಗಳಿಗೆ ಕಿವಿಗೊಟ್ಟವಳು. ಅಂಥದ್ದನ್ನು ಕೇಳಿರಲಿಲ್ಲ. ಅಂಚಿನಿಂದ ಹೊರಟ ದನಿ ನಡುವಿಗೆ ಬಂದು, ಅಲ್ಲಿ ತಿರುಗಿ, ಮತ್ತೆ ಅಂಚಿಗೆ ಹೋಯಿತು. ನಂದಾ "ದಾಕ್ಷಾಯಣಿ" ಎಂದಾಗ ಮೊದಲನೆಯದು ಇನ್ನೂ ಮುಗಿದಿರಲಿಲ್ಲ, ಎರಡೂ ಕೂಡಿಕೊಂಡವು. ಅಪ್ಪ ಪದ್ಯ ಮುಗಿಸಿ ಕಣ್ಣು ಮುಚ್ಚಿದಾಗ ಮಠದಲ್ಲಿ ಉಳಿಯುತ್ತಿದ್ದದ್ದು ಅದೇ. ನನ್ನ ಕಣ್ಣಲ್ಲಿ ನೀರು ಬಂತು. "ಮೊಳಗಿತು" ಎಂದೆ. "ಎರಡೂ ಮೊಳಗಿದವು."

ಆಮೇಲೆ ಯಾರೋ ಹಿಂದಿನಿಂದ, "ಎಲ್ಲಿ? ಏನೂ ಕೇಳಲಿಲ್ಲಲ್ಲ" ಎಂದರು.

"ಹೌದ್ರಿ, ನನಗೂ ಕೇಳಲಿಲ್ಲ."

"ಅವತ್ತ ಎದಿ ನಡಗಿತ್ತ್ರೀಪಾ. ನಮ್ಮ ಹಿತ್ತಲದಾಗಿನ ಎಮ್ಮಿ ಹಗ್ಗ ಹರಕೊಂಡ ಓಡಿತ್ತು."

ಗುರುಪಾದಪ್ಪನವರು ಕೋಲು ಊರಿ ಎದ್ದು ನನ್ನ ಬಳಿ ಬಂದರು. "ಲೀಲವ್ವಾ, ತಂಗಿ ಮ್ಯಾಲಿನ ಮಮತಾ ಇರೂದ. ಆದರ ಸಾಕ್ಷಿ ಅಂದ್ರ ಸಾಕ್ಷಿ. ಖರೇ ಮೊಳಗು ಹ್ಯಾಂಗ ಇರ್ತದ ಅಂತ ಊರ ಮಂದಿ ಎಲ್ಲಾ ಕೇಳೇದ."

"ಖರೇದು ಇದ ಯಜಮಾನರ. ಅವತ್ತು ನೀವು ಕೇಳಿದ್ದು ಸ್ಪೀಕರಿನ ಸಪ್ಪಳ."

"ನೀನ ಮೊಳಗಿತು ಅಂದಿ."

ತಂಗಿಯ ಜೀವ ನನ್ನ ನಾಲಿಗೆಯ ಮೇಲಿತ್ತು. ಅದನ್ನು ಉಳಿಸಲು ಒಂದೇ ದಾರಿ ಕಂಡಿತು. "ಸುಳ್ಳ ಹೇಳಿದ್ದೆ. ಆ ಹುಡುಗೂರಿಗೆ ಕಂಚ ಮೊಳಗಲಿಲ್ಲ. ಊರು ಅವರನ್ನ ಒಪ್ಪಿಕೊಂಡ್ರ ಇವರನ್ನೂ ಒಪ್ಪಿಕೊಂಡೀತು ಅಂತ ಆಸೆಬಿದ್ದ ಹೇಳಿದೆ. ಇವತ್ತ ಖರೇ ಹೇಳಾಕತ್ತೀನಿ, ಶಿವನಾಣಿ."

ಜನ ಸಿಟ್ಟಿಗೇಳುತ್ತಾರೆಂದು ಗೊತ್ತಿತ್ತು. ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಮೊದಲು ಎದ್ದವಳು ಶಾಂತಕ್ಕ. "ಏನಂದಿ? ಚರಣ್ ರೋಹನ್‌ದು ಸುಳ್ಳಂತಿಯೇನ? ನಿನ್ನ ತಂಗಿ ಸಲುವಾಗಿ ಆ ಹುಡುಗೂರ ಪ್ರೀತಿಗೆ ಕಲ್ಲ ಹಾಕ್ತಿಯೇನ? ಎಂಥಾ ಹೆಂಗಸ ನೀನು!" ಅವಳು ಅಳುತ್ತಿದ್ದಳು. ನಿಜವಾಗಿ ಅಳುತ್ತಿದ್ದಳು. ಪಾನಂಗಡಿಯ ಗಂಡಸರೂ ಕೂಗಿದರು; ಆ ಹುಡುಗರ ಮರ್ಯಾದೆ ಕಾಯಲು ಇಡೀ ಚಾವಡಿ ಎದ್ದು ನಿಂತಿತು. ನಾಲ್ಕು ಹೆಜ್ಜೆಯ ಆಚೆ ಕೂತಿದ್ದ ಇಬ್ಬರು ಹೆಣ್ಣುಮಕ್ಕಳ ಕಡೆ ಯಾರೂ ತಿರುಗಲಿಲ್ಲ. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳು ಗಂಗಾಳಕ್ಕೆ ನನ್ನಷ್ಟೇ ಹತ್ತಿರ ಕೂತಿದ್ದಳು. ಅವಳಿಗೆ ಕೇಳಿಸಿತ್ತು. ನಾನು ಅವಳನ್ನೇ ಕೇಳಿದೆ: "ಅವ್ವಾ, ನೀ ಹೇಳ. ಮೊಳಗಲಿಲ್ಲೇನ?"

ಅವ್ವ ಸೆರಗು ಎಳೆದುಕೊಂಡಳು. "ನನಗ ವಯಸ್ಸಾತು," ಎಂದಳು. "ಕಿವಿ ಕೇಳಂಗಿಲ್ಲ."

ಗುರುಪಾದಪ್ಪನವರು ತೀರ್ಪು ಹೇಳಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಸುಳ್ಳು ಹೇಳಿದೆ ಎಂದು ತಾನೇ ಒಪ್ಪಿಕೊಂಡವಳ ಮಾತು ಅವತ್ತಿನದೂ ನಡೆಯುವುದಿಲ್ಲ, ಇವತ್ತಿನದೂ ನಡೆಯುವುದಿಲ್ಲ. ಅವತ್ತಿನದಕ್ಕೆ ಊರೇ ಸಾಕ್ಷಿ ಇದೆ, ಇವತ್ತಿನದಕ್ಕೆ ಯಾರೂ ಇಲ್ಲ. ಕಂಚು ಸುಮ್ಮನಿತ್ತು ಎಂದು ಬರೆದುಕೊಂಡರು. ಗಂಗಾಳವನ್ನು ನನ್ನ ಮುಂದಿನಿಂದ ಎತ್ತಿ ಚಾವಡಿಯ ಅಲಮಾರಿಗೆ ಸೇರಿಸಿದರು. ವೀರಭದ್ರಪ್ಪನ ಕಡೆಯವರು ಸಕ್ಕರೆ ಹಂಚಿದರು.

ಮದುವೆಗೆ ಹೊಸ ಸಾಕ್ಷಿ ಸಿಗಲಿಲ್ಲ. ಸೌಂಡ್ ಸಿಸ್ಟಮ್‌ನವನು ಟೀವಿಯ ಮೊಳಗನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ನಂದಾ ವೀರಭದ್ರಪ್ಪನ ಹೆಸರು ಹೇಳಿದಳು, ಸೌಂಡಿನವನು ಬಟನ್ ಒತ್ತಿದ, ಕಿಟಕಿಯ ಗಾಜು ಅದುರಿತು, ಜನ ಅಕ್ಷತೆ ಹಾಕಿದರು. ಅಲ್ಲಿಂದೀಚೆಗೆ ನಮ್ಮ ಊರಿನಲ್ಲಿ ಸುಮ್ಮನಿರುವ ಮದುವೆಯೇ ಇಲ್ಲ. ದಾಕ್ಷಿ ಮದುವೆಯ ದಿನವೇ ಗಿರಣಿಗೆ ಕೀಲಿ ಹಾಕಿ ಹೋದಳು. ಎಲ್ಲಿಗೆ ಎಂದು ಕಲ್ಲವ್ವನಿಗೂ ಹೇಳಲಿಲ್ಲ. ನಂದಾ ಹೊರಡುವಾಗ ಅವ್ವನ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದಳು. ಎತ್ತಿ ನಿಲ್ಲಿಸಿದಾಗ ಕಿವಿಯ ಬಳಿ ಬಾಯಿ ತಂದು, "ಅವರ ಸಲುವಾಗಿ ನೀ ಸುಳ್ಳ ಹೇಳೂ ಮದ್ಲ ನನ್ನ ಒಂದ ಮಾತ ಕೇಳಬೇಕಿತ್ತಕ್ಕಾ" ಎಂದಳು. ನನ್ನೊಡನೆ ಅವಳು ಆಡಿದ ಕೊನೆಯ ಮಾತು ಅದು. ಎರಡು ಸಲ ಅವಳ ಗಂಡನ ಊರಿಗೆ ಹೋಗಿ ಬಂದೆ. ಚಹಾ ಕೊಟ್ಟಳು, ಗಂಡನ ಅಂಗಡಿಯ ಸೀರೆ ಕೊಟ್ಟಳು, ತಲೆಯಾಡಿಸಿದಳು. ವೀರಭದ್ರಪ್ಪ, "ಮೊದಲ ಹಿಂಗ ಮಾತ ಕಡಿಮೀನ ಏನ್ರಿ ಇವರು?" ಎಂದು ನನ್ನನ್ನು ಮೆಲ್ಲಗೆ ಕೇಳಿದ. ಹೌದು ಎಂದೆ.

ಈ ವರ್ಷ 'ಕಂಚಿನ ಜೋಡಿ' ಮತ್ತೆ ಶುರುವಾಗಿದೆ. ಬೇರೆ ಕಡೆ ತೆಗೆದದ್ದು. ಈಗ ಅವರಿಗೆ ನಮ್ಮ ಊರೂ ಬೇಡ, ಸಾಕ್ಷಿಯೂ ಬೇಡ. ಈ ಸಲ ಇಬ್ಬರು ಹೆಣ್ಣುಮಕ್ಕಳು ಜೋಡಿಯಾಗಿದ್ದಾರೆ. ನಿನ್ನೆ ಸಂಜೆ ಒಬ್ಬಳ ತಾಯಿ ಬಂದು, ಮಗಳನ್ನು ಒಲ್ಲೆನೆಂದು ಹೇಳಿ ಹೋದದ್ದನ್ನು ತೋರಿಸಿದರು. ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಅವ್ವ ಟೀವಿಯ ಹತ್ತಿರಕ್ಕೆ ಮಣೆ ಎಳೆದುಕೊಂಡು, ಅವಳ ಜೊತೆಗೆ ತಾನೂ ಅಳುತ್ತ ಕೂತಿದ್ದಳು. ಬಿಕ್ಕಳಿಕೆ ಬಂದು ಮಾತು ತಡೆಯುತ್ತಿತ್ತು.

"ಹಡದಾಕಿ ಹಿಂಗೂ ಇರ್ತಾಳೇನ ಲೀಲಾ? ಎಂಥಾ ಕಲ್ಲಿನ ಎದಿ ಇರಬೇಕ ಆಕಿದು." ಫೋನನ್ನು ನನ್ನ ಕಡೆ ಚಾಚಿದಳು. "ನನಗ ಕಣ್ಣ ಕಾಣವಲ್ಲವು, ಹನಿ ತುಂಬ್ಯಾವ. ಆ ಹುಡುಗಿಗೆ ಒಂದ ಓಟ ಒತ್ತವ್ವಾ, ಪಾಪ."

ನಾನು ಫೋನು ತೆಗೆದುಕೊಂಡು, ಅವಳು ಹೇಳಿದ ಹೆಸರು ಹುಡುಕಿ, ಒತ್ತಿದೆ.